ಕ್ರಿಸ್‌ಮಸ್ ಊಟಕ್ಕೆ ಕುಡಿಯಲು ಏನು ಕೊಡೋಣ?

ಡಿಸೆಂಬರ್ ಬಂತೆಂದರೆ ನಮ್ಮ ಸ್ವಸಹಾಯ ಸಂಘಗಳ ಸಭೆಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಕೂಡಲೇ ಮಾತು ಕುಸ್ವಾರ್ ಕಡೆಗೆ ತಿರುಗುತ್ತದೆ. ನೆವ್ರಿಗೆ ಎಷ್ಟು ಎಳ್ಳು ಹಾಕಬೇಕು, ಕಲ್ಕಲ್ ಗರಿಗರಿಯಾಗಿ ಉಳಿಯಲು ಏನು ಮಾಡಬೇಕು, ಕೇಕಿಗೆ ಒಣದ್ರಾಕ್ಷಿ ಯಾವಾಗ ನೆನೆಹಾಕಬೇಕು, ಇದರಲ್ಲೆಲ್ಲ ನಮ್ಮ ಹೆಂಗಸರು ಪಂಡಿತರೇ. ಆದರೆ ಕುಡಿಯುವುದಕ್ಕೆ ಏನು ಎಂದು ಕೇಳಿ ನೋಡಿ. "ಅದು ಗಂಡಸರ ಡಿಪಾರ್ಟ್‌ಮೆಂಟು ಸಿಸ್ಟರ್" ಎಂದು ನಕ್ಕು ಸುಮ್ಮನಾಗುತ್ತಾರೆ. ನಗುವ ವಿಷಯವೇನೂ ಅಲ್ಲ. ಮನೆಯಲ್ಲಿ ದ್ರಾಕ್ಷಿ ವೈನ್ ಹಾಕುವವರು ಹೆಂಗಸರು, ಟ್ರೇಯಲ್ಲಿ ಗ್ಲಾಸು ಹಿಡಿದು ಬಡಿಸುವವರೂ ಅವರೇ, ಹಬ್ಬದ ರಾತ್ರಿ ಜಗಳವಾದರೆ ಅನುಭವಿಸುವವರೂ ಅವರೇ. ಆದ್ದರಿಂದ ಈ ಸಲ ಕುಸ್ವಾರ್ ಪಟ್ಟಿಯ ಜೊತೆ ಪಾನೀಯದ ಪಟ್ಟಿಯನ್ನೂ ಕೂತು ಯೋಚಿಸೋಣ.

ನಾನು ಇಲ್ಲಿ ಮದ್ಯವರ್ಜನದ ಭಾಷಣ ಮಾಡುತ್ತಿಲ್ಲ. ನಮ್ಮ ಬಲಿಪೂಜೆಯಲ್ಲಿ ದ್ರಾಕ್ಷಾರಸವಿದೆ, ಕಾನಾ ಊರಿನ ಮದುವೆಯಲ್ಲೂ ಇತ್ತು. ಹಾಗೆಯೇ, ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಮದ್ಯದಲ್ಲಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಮುಂದಿನದನ್ನು ಓದಿ.

ಅಳತೆ ಗೊತ್ತಿರಲಿ

"ನಮ್ಮವರು ಹಾಟ್ ಮುಟ್ಟಲ್ಲ, ಬರೀ ಬಿಯರ್" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಸ್ವಲ್ಪ ಲೆಕ್ಕ ಹಾಕೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಆಲ್ಕೋಹಾಲ್ ಶೇ. 42.8. ಅಂದರೆ 30 ಮಿ.ಲೀ. ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಸಾಧಾರಣ ವೈನ್‌ನಲ್ಲಿ ಶೇ. 12ರ ಆಸುಪಾಸು, ಆದ್ದರಿಂದ 100 ಮಿ.ಲೀ. ವೈನ್ ಕೂಡ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್ಗಿಗೆ ಸಮ. ಈಗ ಸ್ಟ್ರಾಂಗ್ ಬಿಯರ್‌ಗೆ ಬನ್ನಿ. ಅದರಲ್ಲಿ ಶೇ. 8ರ ತನಕ ಇರುತ್ತದೆ, ದೊಡ್ಡ ಬಾಟಲಿ 650 ಮಿ.ಲೀ. ಗುಣಿಸಿದರೆ ಸುಮಾರು 40 ಗ್ರಾಂ. "ಬರೀ ಒಂದು ಬಿಯರ್" ಅಂದವರು ನಾಲ್ಕು ಸಣ್ಣ ಪೆಗ್ ಕುಡಿದ ಹಾಗಾಯಿತು! 90 ಮಿ.ಲೀ. ಪ್ಯಾಕೆಟ್ ಒಂದರಲ್ಲಿ ಮೂರು ಪೆಗ್. ನಮ್ಮ ಲಿವರ್‌ಗೆ ಒಂದು ಸಣ್ಣ ಪೆಗ್ಗಿನಷ್ಟು ಕರಗಿಸಲು ಸುಮಾರು ಒಂದು ಗಂಟೆ ಬೇಕು. ಲಿಂಬೆಹಣ್ಣು, ಮಜ್ಜಿಗೆ, ಕಡು ಕಾಫಿ, ತಣ್ಣೀರ ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಕಾಫಿ ಕುಡಿಸಿದರೆ ಎಚ್ಚರವಾಗಿರುವ ಕುಡುಕ ಸಿಗುತ್ತಾನೆ, ಅಷ್ಟೇ.

ಮನೆಯ ಭರಣಿ ವೈನ್

ಮಂಗಳೂರಿನ ಕಡೆಯಿರಲಿ, ಬೆಂಗಳೂರಿನ ಹಳೇ ಬಡಾವಣೆಗಳಿರಲಿ, ಕಪ್ಪು ದ್ರಾಕ್ಷಿ ಹಿಸುಕಿ ಭರಣಿಯಲ್ಲಿ ಹಾಕಿಡುವ ರೂಢಿ ಅನೇಕ ಮನೆಗಳಲ್ಲಿದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯೇ ಇದಕ್ಕೆ ಹೆಚ್ಚಾಗಿ ಬಳಕೆ. "ನಮ್ಮದು ಮನೇಲಿ ಮಾಡಿದ್ದು, ಔಷಧಿ ಇದ್ದ ಹಾಗೆ, ಮಕ್ಕಳೂ ಕುಡೀಬಹುದು" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ. ಭರಣಿಯೊಳಗೆ ಏನಾಗುತ್ತದೆ ಎಂದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಈಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗಾಳಿಯನ್ನು ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇ. 1ರಷ್ಟು ಆಲ್ಕೋಹಾಲ್ ಆಗುತ್ತದೆ. ಆಲ್ಕೋಹಾಲ್ ಏರಿದಂತೆ ಈಸ್ಟ್ ತಾನೇ ಸೋಲುತ್ತದೆ. ಬ್ರೆಡ್ಡಿನ ಈಸ್ಟ್ ಹೆಚ್ಚೆಂದರೆ ಶೇ. 10-12ರ ತನಕ ಕೆಲಸ ಮಾಡೀತು. ನಮ್ಮ ಮನೆಗಳ ಲೆಕ್ಕ ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಒಂದು ಲೀಟರ್ ನೀರು. ಎಲ್ಲಾ ಸೇರಿ ಎರಡೂವರೆ ಲೀಟರಿನೊಳಗೆ ಬರುವ ಈ ರಸದಲ್ಲಿ ಲೀಟರಿಗೆ ನಾನೂರು ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಈಸ್ಟ್ ಅದರಲ್ಲಿ ಅರ್ಧವನ್ನು ತಿಂದು ಸೋಲುತ್ತದೆ, ಉಳಿದರ್ಧ ಹಾಗೇ ಉಳಿಯುತ್ತದೆ. ಹೀಗಾಗಿ ಒಂದು ಸಣ್ಣ ಗ್ಲಾಸಿನಲ್ಲಿ ಅಂಗಡಿ ವೈನಿನಷ್ಟೇ ಅಮಲೂ ಇರಬಹುದು, ಮೇಲೆ ನಾಲ್ಕೈದು ಟೀ ಚಮಚ ಸಕ್ಕರೆಯೂ ಇರಬಹುದು. ಸಿಹಿಯಿಂದ ಅಮಲು ಗೊತ್ತಾಗುವುದಿಲ್ಲ. ಶುಗರ್ ಇರುವ ಅಜ್ಜಿಗೆ "ಸ್ವಲ್ಪ ತಗೊಳ್ಳಿ, ಮನೇದು" ಅನ್ನುವ ಮುಂಚೆ ಇದು ನೆನಪಿರಲಿ.

ಇನ್ನೊಂದು ಭಯ ಕುರುಡಾಗುವುದರ ಬಗ್ಗೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. ಅದಕ್ಕೆ ಕಾರಣ ಮೆಥನಾಲ್, ಅಂದರೆ ಕಾರ್ಖಾನೆಯಲ್ಲಿ ಬಳಸುವ ಸ್ಪಿರಿಟ್ಟು. ದ್ರಾಕ್ಷಿ ಹುಳಿಯುವಾಗ ಅದು ಅಲ್ಪಸ್ವಲ್ಪ ಮಾತ್ರ ಹುಟ್ಟುತ್ತದೆ, ಅದರಿಂದ ಕಣ್ಣು ಹೋಗುವುದಿಲ್ಲ. ಆದರೆ ಹಬ್ಬಕ್ಕೆಂದು ಯಾರೋ ಕ್ಯಾನಿನಲ್ಲಿ ತಂದು ಕೊಟ್ಟ, ಲೇಬಲ್ಲಿಲ್ಲದ, ಕಡಿಮೆ ಬೆಲೆಯ ಸರಕಿನಲ್ಲಿ ಏನಿದೆಯೆಂದು ಮೂಸಿದರೂ ರುಚಿ ನೋಡಿದರೂ ತಿಳಿಯುವುದಿಲ್ಲ. ಹತ್ತು ಮಿ.ಲೀ. ಮೆಥನಾಲ್ ಕಣ್ಣು ಕಳೆಯಲು ಸಾಕು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಗಿದೆ, ಆ ಹೆಸರಿನಲ್ಲಿ ಬರುವುದೆಲ್ಲ ಕಳ್ಳಮಾಲು. ಕುಡಿದ ಮರುದಿನ ಕಣ್ಣು ಮಂಜಾದರೆ, ಹೊಟ್ಟೆ ನೋವು, ವಾಂತಿ ಬಂದರೆ ಹ್ಯಾಂಗೋವರ್ ಎಂದು ಮಲಗಿಸಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಕಾನೂನು ಏನು ಹೇಳುತ್ತದೆ? ಪರವಾನಿಗೆ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮನೆ ಬಳಕೆಗೆ ಅಂದರೂ ವೈನ್ ವೈನೇ. ಕೇರಳದಲ್ಲಿ 2019ರ ಕ್ರಿಸ್‌ಮಸ್‌ಗೆ ಮುಂಚೆ ಅಬಕಾರಿ ಇಲಾಖೆ ಮನೆ ವೈನ್ ಬಗ್ಗೆ ಎಚ್ಚರಿಕೆ ಕೊಟ್ಟಾಗ ದೊಡ್ಡ ಚರ್ಚೆಯೇ ಆಯಿತು. "ಯಾರು ಬಂದು ಹಿಡೀತಾರೆ ಸಿಸ್ಟರ್" ಎನ್ನುವವರಿಗೆ ನಾನು ಏನೂ ಹೇಳಲಾರೆ. ಆದರೆ ಸಂಘದ ಆದಾಯಕ್ಕೆಂದು ವೈನ್ ಮಾಡಿ ಮಾರುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕೇಸಾದರೆ ಸಂಘದ ಹೆಸರು, ಬ್ಯಾಂಕ್ ಲಿಂಕೇಜು ಎಲ್ಲಕ್ಕೂ ತೊಂದರೆ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಂಡು ಶುಂಠಿ ಸಿರಪ್ಪು, ಪುನರ್ಪುಳಿ ಸಿರಪ್ಪು ಮಾರಿ. ಡಿಸೆಂಬರಿನಲ್ಲಿ ಅದಕ್ಕೂ ಬೇಡಿಕೆ ಇದೆ.

ಅಂಗಡಿಯಿಂದ ತರುವುದಾದರೆ

'ವೈನ್ಸ್' ಎಂದು ಬೋರ್ಡು ಹಾಕಿದ ನಮ್ಮ ಅಂಗಡಿಗಳಲ್ಲಿ ವೈನ್ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಾ ಇರುತ್ತದೆ, ಅದೊಂದು ತಮಾಷೆ. ದೇಶದಲ್ಲಿ ವೈನ್ ತಯಾರಿಕೆಯಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕಕ್ಕಿದೆ. ನಂದಿ ಬೆಟ್ಟದ ತಪ್ಪಲಲ್ಲಿ 1980ರ ದಶಕದ ಕೊನೆಯಲ್ಲೇ ವೈನ್ ದ್ರಾಕ್ಷಿ ತೋಟಗಳು ಶುರುವಾದವು. 2007ರಲ್ಲಿ ಸರ್ಕಾರ ವೈನ್ ನೀತಿ ತಂದ ಮೇಲೆ ಇನ್ನಷ್ಟು ಬೆಳೆದವು. ಆದ್ದರಿಂದ ವಿದೇಶಿ ಬಾಟಲಿಗೆ ದುಡ್ಡು ಸುರಿಯಬೇಕಾಗಿಲ್ಲ.

ಲೇಬಲ್ಲಿನಲ್ಲಿ ಮೊದಲು ಆಲ್ಕೋಹಾಲ್ ಎಷ್ಟೆಂದು ನೋಡಿ. ಶೇ. 15 ದಾಟಿದ್ದರೆ, ಅಥವಾ ಫೋರ್ಟಿಫೈಡ್ ಎಂದು ಬರೆದಿದ್ದರೆ, ಅದಕ್ಕೆ ಹೊರಗಿಂದ ಸ್ಪಿರಿಟ್ ಸೇರಿಸಿದ್ದಾರೆಂದು ತಿಳಿಯಿರಿ. ಇಂಥ ಸಿಹಿ ವೈನ್ ಊಟದ ಜೊತೆಗಲ್ಲ, ಕೇಕಿನ ಜೊತೆ ಸಣ್ಣ ಗ್ಲಾಸಿನಲ್ಲಿ ಕೊಡುವಂಥದ್ದು. ಊಟಕ್ಕೆ ನಮ್ಮಲ್ಲಿ ಹಂದಿ ಬಫಾತ್, ಕೋಳಿ ಸಾರು, ಸಣ್ಣಾಸ್ ಅಥವಾ ಪಲಾವ್ ಇರುತ್ತದೆ. ಖಾರ, ಹುಳಿ ಎರಡೂ ಜೋರು. ಒಗರು ಜಾಸ್ತಿ ಇರುವ ಕೆಂಪು ವೈನ್ ಇದರ ಜೊತೆ ಬಾಯಿ ಸುಡಿಸುತ್ತದೆ, ಯಾಕೆಂದರೆ ಆಲ್ಕೋಹಾಲ್ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಬಫಾತ್ ಜೊತೆಗೆ ತುಸು ಸಿಹಿಯಿರುವ, ಆಲ್ಕೋಹಾಲ್ ಕಡಿಮೆಯಿರುವ ಬಿಳಿ ವೈನ್ ಒಳ್ಳೆಯದು. ಶೆನಿನ್ ಬ್ಲಾಂ ಎಂಬ ಜಾತಿಯದು ಇಲ್ಲಿ ಸುಲಭವಾಗಿ ಸಿಗುತ್ತದೆ. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಎನ್ನುತ್ತಾರೆ. ಅದು ಚಳಿ ದೇಶದ ಮಾತು. ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಮನೆಯೊಳಗೆ ಸೆಕೆ, ಅರ್ಧ ಗಂಟೆ ತಣ್ಣಗೆ ಮಾಡಿದರೆ ಏನೂ ಹಾಳಾಗುವುದಿಲ್ಲ. 750 ಮಿ.ಲೀ. ಬಾಟಲಿಯಲ್ಲಿ ಏಳು ಸಣ್ಣ ಗ್ಲಾಸು ಬರುತ್ತದೆ. ವೈನ್ ಕುಡಿಯುವವರು ಏಳೆಂಟು ಜನ ಇದ್ದರೆ ಒಂದು, ಹೆಚ್ಚೆಂದರೆ ಎರಡು ಬಾಟಲಿ ಸಾಕು. ತೆರೆದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಇರುತ್ತದೆ, ಒಂದೇ ರಾತ್ರಿ ಮುಗಿಸಲೇಬೇಕೆಂದಿಲ್ಲ.

ಖರ್ಚನ್ನು ಬೇರೆಯಾಗಿ ಬರೆದಿಡಿ. ಸಂಘದಿಂದ ತೆಗೆಯುವ ಸಾಲದ ಅರ್ಜಿಯಲ್ಲಿ "ಹಬ್ಬದ ಖರ್ಚು" ಎಂದು ಒಂದೇ ಸಾಲು ಇರುತ್ತದೆ. ಅದರಲ್ಲಿ ಮಕ್ಕಳ ಬಟ್ಟೆಗೆ ಎಷ್ಟು, ಬಾಟಲಿಗೆ ಎಷ್ಟು ಎಂದು ಬಿಡಿಸಿ ಬರೆದರೆ ಗಂಡ ಹೆಂಡತಿ ಇಬ್ಬರಿಗೂ ಕಣ್ಣಿಗೆ ಕಾಣುತ್ತದೆ.

ಅಮಲಿಲ್ಲದ್ದು, ರುಚಿಯಿರುವುದು

ಬಹಳ ಮನೆಗಳಲ್ಲಿ ಕುಡಿಯದವರಿಗೆ ಪ್ಲಾಸ್ಟಿಕ್ ಲೋಟದಲ್ಲಿ ಕೋಲಾ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 300 ಮಿ.ಲೀ. ಕೋಲಾದಲ್ಲಿ ಸುಮಾರು ಆರು ಚಮಚ ಸಕ್ಕರೆ ಇದೆ. ಅಂಗಡಿಯ ಸ್ಕ್ವಾಷ್ ಕೊಳ್ಳುವಾಗ ಹಣ್ಣಿನ ಪ್ರಮಾಣ ನೋಡಿ. ಸ್ಕ್ವಾಷ್ ಎಂದು ಮಾರಬೇಕಾದರೆ ಕನಿಷ್ಠ ಶೇ. 25 ಹಣ್ಣಿರಬೇಕು. ಸಿಂಥೆಟಿಕ್ ಸಿರಪ್ ಎಂದಿದ್ದರೆ ಅದು ಬಣ್ಣ, ಸಕ್ಕರೆ, ಪರಿಮಳ.

ನನ್ನ ಕೇಳಿದರೆ ಬಫಾತ್ ಊಟಕ್ಕೆ ಪುನರ್ಪುಳಿಯಷ್ಟು ಹೊಂದುವ ಪಾನೀಯ ಇನ್ನೊಂದಿಲ್ಲ. ಬಣ್ಣವೂ ವೈನಿನದೇ. ಒಣ ಸಿಪ್ಪೆ ಒಂದು ದೊಡ್ಡ ಹಿಡಿ, ಒಂದು ಲೀಟರ್ ಬಿಸಿನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಕಿವುಚಿ ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಸೇರಿಸಿ, ಮತ್ತೆ ಒಂದು ಲೀಟರ್ ತಣ್ಣೀರು ಬೆರೆಸಿ. ಜಿಂಜರ್ ವೈನ್ ಎಂದು ನಮ್ಮಲ್ಲಿ ಕರೆಯುವುದಕ್ಕೆ ಹೆಸರಷ್ಟೇ ವೈನ್. 100 ಗ್ರಾಂ ಶುಂಠಿ ಜಜ್ಜಿ, ಅರ್ಧ ಕಿಲೋ ಸಕ್ಕರೆ, ಒಂದೂವರೆ ಲೀಟರ್ ನೀರು, ಚಕ್ಕೆ, ನಾಲ್ಕು ಲವಂಗ ಹಾಕಿ ಅರ್ಧ ಗಂಟೆ ಕುದಿಸಿ ಸೋಸಿ, ಆರಿದ ಮೇಲೆ ಮೂರು ಲಿಂಬೆಯ ರಸ ಹಿಂಡಿ. ಕುಡಿಯುವಾಗ ಒಂದಕ್ಕೆ ಎರಡು ಪಾಲು ನೀರು. ಫ್ರಿಜ್ಜಿನಲ್ಲಿ ವಾರ ಇಡಬಹುದು, ಹೊರಗಿಟ್ಟರೆ ಇದೂ ಹುಳಿಯುತ್ತದೆ. ಪರದೇಶದಿಂದ ಬಂದವರು ತರುವ ಜಿಂಜರ್ ವೈನ್ ಬಾಟಲಿಯಲ್ಲಿ ಆಲ್ಕೋಹಾಲ್ ಇರುತ್ತದೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಬೆಂಗಳೂರು ಬ್ಲೂ ದ್ರಾಕ್ಷಿ ಸಿಕ್ಕಿದರೆ ಚೆನ್ನಾಗಿ ತೊಳೆದು, ಸ್ವಲ್ಪವೇ ನೀರಿನಲ್ಲಿ ಬೇಯಿಸಿ ಸೋಸಿದ ರಸವೂ ಸೊಗಸು. ಕುದಿಸಿದ್ದರಿಂದ ಕೂಡಲೇ ಹುಳಿಯುವುದಿಲ್ಲ, ಆದರೂ ಎರಡು ಮೂರು ದಿನದಲ್ಲಿ ಮುಗಿಸಿ.

ಈ ಪಾನೀಯಗಳನ್ನೂ ಅದೇ ಟ್ರೇಯಲ್ಲಿ, ಅದೇ ಒಳ್ಳೆಯ ಗ್ಲಾಸುಗಳಲ್ಲಿ ಇಡಿ. ಟೋಸ್ಟ್ ಎತ್ತುವಾಗ ಯಾರ ಕೈಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ.

ಯಾರಿಗೆ ಕೊಡಲೇಬಾರದು

ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಬೇಡ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಕ್ಕಳ ಬಾಯಿಗೆ ಒಂದು ಚಮಚ ವೈನ್ ಹಾಕಿ ಮುಖ ಹಿಂಡುವುದನ್ನು ನೋಡಿ ನಗುವ ಅಭ್ಯಾಸ ನಿಲ್ಲಬೇಕು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಹದಿನೆಂಟರೊಳಗಿನವರಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡವಿದೆ.

ಕುಡಿತ ಬಿಟ್ಟು ಮೊದಲ ಕ್ರಿಸ್‌ಮಸ್ ಕಾಣುತ್ತಿರುವವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಶಿಬಿರದಲ್ಲಿ, ಆಸ್ಪತ್ರೆಯಲ್ಲಿ ಎಷ್ಟೋ ಕಷ್ಟಪಟ್ಟು ಬಿಟ್ಟು ಬಂದವರನ್ನು ಮತ್ತೆ ಶುರು ಮಾಡಿಸುವುದು ಶತ್ರುಗಳಲ್ಲ, ಭಾವಮೈದುನಂದಿರು, ಗೆಳೆಯರು, "ಹಬ್ಬಕ್ಕೆ ಒಂದೇ ಒಂದು" ಎಂದು ಪ್ರೀತಿಯಿಂದ ಒತ್ತಾಯಿಸುವವರು. ಬೇಡ ಎಂದವರನ್ನು ಎರಡನೇ ಸಲ ಕೇಳಬೇಡಿ, ಯಾಕೆ ಬೇಡ ಎಂದೂ ಕೇಳಬೇಡಿ. ಇವರಲ್ಲಿ ಕೆಲವರು ಡೈಸಲ್ಫಿರಾಂ ಎಂಬ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ. ಅದರ ಮೇಲೆ ಸ್ವಲ್ಪ ಆಲ್ಕೋಹಾಲ್ ಹೋದರೂ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ ಪ್ರಾಣಕ್ಕೆ ಬರಬಹುದು. ಕೊನೆಯ ಮಾತ್ರೆಯ ನಂತರ ಎರಡು ವಾರದ ತನಕವೂ ಈ ಅಪಾಯವಿದೆ. ಇಲ್ಲಿ ರಮ್ ಕೇಕ್ ಕೂಡ ಲೆಕ್ಕಕ್ಕೆ ಬರುತ್ತದೆ. ಬೇಯುವಾಗ ರಮ್ ಎಲ್ಲಾ ಹಾರಿಹೋಗುತ್ತದೆ ಎನ್ನುವುದು ನಿಜವಲ್ಲ. ಒಂದು ಗಂಟೆ ಬೇಯಿಸಿದರೂ ಸುಮಾರು ಕಾಲುಭಾಗ ಉಳಿಯುತ್ತದೆ, ಬೆಂದ ಮೇಲೆ ಸುರಿದದ್ದಂತೂ ಪೂರ್ತಿ ಇರುತ್ತದೆ. ಒಂದು ಕೇಕನ್ನಾದರೂ ಕಿತ್ತಳೆ ರಸದಲ್ಲಿ ನೆನೆಸಿದ ಒಣಹಣ್ಣಿನಿಂದ ಮಾಡಿ, ತಟ್ಟೆಯಲ್ಲಿ ಬೇರೆಯಾಗಿಡಿ.

ರಾತ್ರಿ ಪೂಜೆ, ಊಟ ಮುಗಿಸಿ ಬೈಕಿನಲ್ಲಿ ಹೊರಡುವವರ ಬಗ್ಗೆಯೂ ಯೋಚಿಸಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸಿಕ್ಕಿದರೆ ಕೇಸು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳ ತನಕ ಸಜೆ, ಅಥವಾ ಎರಡೂ. ಕುಡಿದವರಿಗೆ ಮನೆಯಲ್ಲೇ ಒಂದು ಚಾಪೆ ಹಾಸಿಕೊಡಿ.

ಕೊನೆಗೆ, ಇದಕ್ಕೆ ವಿರುದ್ಧವಾದ ಒಂದು ಅಪಾಯ. ಆಗಮನ ಕಾಲದಲ್ಲಿ ಹರಕೆ ಹೊತ್ತು, ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಮನೆಯವರಿಗೆ ಸಂತೋಷವೇ. ಆದರೆ ವರ್ಷಗಟ್ಟಲೆ ಜೋರಾಗಿ ಕುಡಿದವರು ಹೀಗೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು, ಮೂರನೇ ದಿನ ಕೈಕಾಲು ನಡುಗಿ, ಬೆವರಿ, ಇಲ್ಲದ್ದು ಕಾಣಿಸಿ, ಬಡಬಡಿಸಲು ಶುರುವಾಗಬಹುದು. ದೆವ್ವ ಮೆಟ್ಟಿದ್ದೂ ಅಲ್ಲ, ನಾಟಕವೂ ಅಲ್ಲ, ಜೀವ ಹೋಗುವ ಕಾಯಿಲೆ. ಬಿಡಬೇಕೆಂದಿರುವವರನ್ನು ಮೊದಲೇ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕರೆದೊಯ್ದು, ಮಾತ್ರೆಯ ಆಸರೆಯಲ್ಲಿ ಬಿಡಿಸಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಡುಕ ಆಗಲೇ ಶುರುವಾಗಿದ್ದರೆ ಫೋನಿನಲ್ಲಿ ಕಾಲ ಕಳೆಯದೆ 108ಕ್ಕೆ ಹೇಳಿ ಆಂಬುಲೆನ್ಸ್ ತರಿಸಿ.