ಚಾಲೆಂಜ್ ಪಾಸ್, ಕೆವೈಸಿ ಫೇಲ್!

ಎಕ್ಸಾಮ್ ಪಾಸಾದ ಮೇಲೂ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ ಅಂದ್ರೆ ಹೇಗಿರುತ್ತೆ? ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಗುಂಪಿನ ಟಿಕೋಟಾ ಗೆಳೆಯನಿಗೆ ಹಾಗೇ ಆಯ್ತು. ಮೆಸ್ ಬಿಲ್ ದುಡ್ಡನ್ನು ಒಂದು ವಿದೇಶಿ ಪ್ರಾಪ್ ಫರ್ಮ್‌ನ ಚಾಲೆಂಜ್‌ಗೆ ಕಟ್ಟಿದ್ದ. ಎರಡೂ ಹಂತ ಪಾಸಾದ. ಆಮೇಲೆ ಐಡೆಂಟಿಟಿ ವೆರಿಫಿಕೇಶನ್ ಮೂರು ಸಲ ರಿಜೆಕ್ಟ್! "ದೋಸ್ತ, ನಾನ ನಾನು ಅಂತ ಇನ್ನ ಹೆಂಗ ತೋರಸ್ಲಿ?" ಅಂತ ತಲೆ ಹಿಡ್ಕೊಂಡು ಕೂತಿದ್ದ. ಅವನ ಕಾಗದಗಳನ್ನೆಲ್ಲ ಹರಡಿಕೊಂಡು ನೋಡಿದಾಗ ನಮಗೆ ತಿಳಿದದ್ದು ಇದು.

ನಮ್ಮ ಕಡೆ ಪಾಲಿಗೆ ಹೊಲ ಮಾಡ್ತಾರಲ್ಲ, ಪ್ರಾಪ್ ಫರ್ಮ್ ಕೂಡ ಹಾಗೇ ಹೇಳುತ್ತೆ: ಬಂಡವಾಳ ನಮ್ಮದು, ಟ್ರೇಡಿಂಗ್ ನಿಮ್ಮದು, ಲಾಭದಲ್ಲಿ ಪಾಲು. ಆದರೆ ಇಲ್ಲಿ ಮೊದಲು ಫೀ ಕಟ್ಟಬೇಕು. ಎಷ್ಟೋ ಕಡೆ ಕೊಡೋ ಅಕೌಂಟ್ ಕೂಡ ಡೆಮೊ. ಅಂದ್ರೆ ಹೊಲ ಹಾಳೆ ಮೇಲೆ ಮಾತ್ರ.

ಇಷ್ಟು ಚೆಕಿಂಗ್ ಯಾಕೆ?

ಒಬ್ಬನೇ ಎರಡು ಹೆಸರಲ್ಲಿ ಅಕೌಂಟ್ ತೆಗೆದು, ಒಂದರಲ್ಲಿ ಬೈ, ಇನ್ನೊಂದರಲ್ಲಿ ಸೆಲ್ ಹಾಕಿದರೆ ಒಂದಂತೂ ಗೆಲ್ಲುತ್ತೆ. ದುಡ್ಡು ಕೊಟ್ಟು ಬೇರೆಯವರಿಂದ ಚಾಲೆಂಜ್ ಪಾಸ್ ಮಾಡಿಸುವವರೂ ಇದ್ದಾರೆ. ಜೊತೆಗೆ ಕಪ್ಪುಹಣ ತಡೆಯುವ ಕಾನೂನುಗಳು. ಹಾಗಾಗಿ ಫೋಟೋ ಐಡಿ, ಸೆಲ್ಫಿ ವಿಡಿಯೋ, ಸಾಮಾನ್ಯವಾಗಿ ಮೂರು ತಿಂಗಳೊಳಗಿನ ವಿಳಾಸದ ದಾಖಲೆ ಕೇಳುತ್ತಾರೆ. ಕೇಳೋದು ತಪ್ಪಲ್ಲ. ಫೀ ತಗೊಳ್ಳುವಾಗ ಏನೂ ಕೇಳದೆ, ದುಡ್ಡು ಕೊಡುವಾಗ ಎಲ್ಲ ಕೇಳೋದು ನಮಗೆ ಸರಿ ಅನ್ನಿಸಲಿಲ್ಲ.

ನಮ್ಮವರದ್ದೇ ಯಾಕೆ ಸಿಕ್ಕಿಬೀಳುತ್ತೆ?

ಮೊದಲನೆಯದು ಹೆಸರು. ಒಂದು ಕಾರ್ಡ್‌ನಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು ಪೂರ್ತಿ. ಇನ್ನೊಂದರಲ್ಲಿ ಬರೀ ಇನಿಷಿಯಲ್. ಇಂಗ್ಲಿಷಿನಲ್ಲಿ ಮಲ್ಲಿಕಾರ್ಜುನ ಅಂತ ಬರೆಯುವಾಗ ಕೊನೆಗೆ ಒಮ್ಮೆ 'ಎ' ಇರುತ್ತೆ, ಒಮ್ಮೆ ಇರಲ್ಲ. ನಮಗೆ ಅದು ಒಬ್ಬನೇ, ಸಾಫ್ಟ್‌ವೇರ್‌ಗೆ ಇಬ್ಬರು.

ಎರಡನೆಯದು ಊರು. ಬಿಜಾಪುರ ವಿಜಯಪುರ ಆಗಿದ್ದು 2014ರ ನವೆಂಬರ್ 1ಕ್ಕೆ. ಟಿಕೋಟಾ, ಬಬಲೇಶ್ವರ ಹೊಸ ತಾಲೂಕುಗಳು ಅಂತ ಘೋಷಣೆಯಾಗಿದ್ದು 2017-18ರ ಬಜೆಟ್‌ನಲ್ಲಿ. ಹಳೇ ಕಾಗದದಲ್ಲಿ ಬಿಜಾಪುರ ತಾಲೂಕು, ಹೊಸದರಲ್ಲಿ ಟಿಕೋಟಾ ತಾಲೂಕು. ಮನೆ ಮಾತ್ರ ಅಲ್ಲೇ ಇದೆ!

ಮೂರನೆಯದು ಕರೆಂಟ್ ಬಿಲ್. ನಮ್ಮ ಬಬಲೇಶ್ವರ ಗೆಳತಿಯ ಮನೆಯ ಹೆಸ್ಕಾಂ ಬಿಲ್ ಇವತ್ತಿಗೂ ಅವಳ ಅಜ್ಜನ ಹೆಸರಲ್ಲೇ ಇದೆ, ಅದೂ ಕನ್ನಡದಲ್ಲಿ. ಹಾಸ್ಟೆಲ್‌ನಲ್ಲಿರೋ ನಮಗೆ ಬಿಲ್ಲೇ ಇಲ್ಲ.

ಏನು ಮಾಡಬಹುದು?

ಒಂದೇ ಸ್ಪೆಲಿಂಗ್ ಗಟ್ಟಿ ಮಾಡಿಕೊಳ್ಳಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ, ಅದಕ್ಕೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡೇ ತುಂಬಿ. ನಿಮ್ಮ ಹೆಸರಲ್ಲಿ ವಿಳಾಸದ ದಾಖಲೆ ಇಲ್ಲದಿದ್ದರೆ, ಕುಟುಂಬದ ಮುಖ್ಯಸ್ಥರ ಒಪ್ಪಿಗೆಯಿಂದ ಆಧಾರ್ ವಿಳಾಸ ತಿದ್ದುವ ಸೌಲಭ್ಯ 2023ರಿಂದ ಆನ್‌ಲೈನ್‌ನಲ್ಲಿದೆ. ಆಮೇಲೆ ಬ್ಯಾಂಕಿನಲ್ಲೂ ವಿಳಾಸ ಸರಿಮಾಡಿಸಿ ಇಂಗ್ಲಿಷ್ ಸ್ಟೇಟ್‌ಮೆಂಟ್ ತಗೊಳ್ಳಿ. ಪಿಡಿಎಫ್ ಎಡಿಟ್ ಮಾಡೋದು, ಅಣ್ಣನ ಐಡಿ ಹಾಕೋದು ಬೇಡವೇ ಬೇಡ.

ಅದಕ್ಕಿಂತ ಮೊದಲು, ಯಾರಿಗೆ ಕಳಿಸ್ತಿದ್ದೀವಿ ಅಂತ ನೋಡಬೇಕು. ಭಾರತದಲ್ಲಿ ಫಾರೆಕ್ಸ್ ಟ್ರೇಡಿಂಗ್‌ಗೆ ಫೆಮಾ ಕಾನೂನಿನ ಮಿತಿಗಳಿವೆ. ಅನುಮತಿ ಇಲ್ಲದ ಫಾರೆಕ್ಸ್ ಪ್ಲಾಟ್‌ಫಾರ್ಮ್‌ಗಳ ಅಲರ್ಟ್ ಲಿಸ್ಟನ್ನು ಆರ್‌ಬಿಐ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ಆದರೆ ಲಿಸ್ಟಿನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಫೀ ಹೋದರೆ ಮತ್ತೆ ದುಡಿಯಬಹುದು. ಆಧಾರ್, ಸೆಲ್ಫಿ, ಸಹಿ ಕೈತಪ್ಪಿದರೆ ವಾಪಸ್ ಬರಲ್ಲ. ಒಪ್ಪುವ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಇನ್ನೊಂದು ಲೆಕ್ಕವೂ ನೆನಪಿರಲಿ: 2024ರ ಸೆಬಿ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಷೇರು ಎಫ್ ಅಂಡ್ ಓ ಮಾಡಿದ ನೂರು ಜನರಲ್ಲಿ 93 ಜನ ಕಳೆದುಕೊಂಡಿದ್ದಾರೆ.

ಗೆಳೆಯನ ದುಡ್ಡು ಇನ್ನೂ ಬಂದಿಲ್ಲ. ಮೆಸ್ ಬಿಲ್ ನಾವು ನಾಲ್ವರು ಹಂಚಿಕೊಂಡು ಕಟ್ಟಿದ್ವಿ. ಆದರೆ ಅವನು ತಿದ್ದಿಸಿದ ಆಧಾರ್, ಪ್ಯಾನ್ ನಾಳೆ ಪಾಸ್‌ಪೋರ್ಟ್‌ಗೆ, ಪ್ಲೇಸ್‌ಮೆಂಟ್‌ಗೆ ಬೇಕಾಗೇ ಆಗುತ್ತೆ. ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಎರಡೂ ಕಾರ್ಡ್ ಪಕ್ಕಪಕ್ಕ ಇಟ್ಟು ಒಂದ್ಸಲ ಓದಿ ನೋಡಿ.