ಸೂರ್ಯ ಮುಳುಗಿದ ಮೇಲೆ ವಿದ್ಯುತ್ ಎಲ್ಲಿಂದ?

1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿದ ಹೆಗ್ಗಳಿಕೆ ನಮ್ಮ ನಾಡಿನದು. ಇಂದು ನವೀಕರಿಸಬಹುದಾದ ಇಂಧನದ ಮುಂದಿರುವ ಸವಾಲು ಬೇರೆಯೇ ಆಗಿದೆ. ವಿದ್ಯುತ್ ಉತ್ಪಾದಿಸಿದರಷ್ಟೇ ಸಾಲದು, ಬೇಕಾದ ಹೊತ್ತಿಗೆ ಅದು ಒದಗಬೇಕು.

2025ರ ಜೂನ್ ವೇಳೆಗೆ ಭಾರತದ ಒಟ್ಟು ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಪಾಲು ಸೌರ, ಪವನ, ಜಲ ಹಾಗೂ ಪರಮಾಣು ಮೂಲಗಳದ್ದಾಯಿತು. 2030ರ ಗುರಿಯನ್ನು ದೇಶ ಐದು ವರ್ಷ ಮೊದಲೇ ಮುಟ್ಟಿದೆ. ಆದರೆ 2024-25ರಲ್ಲಿ ವಾಸ್ತವವಾಗಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಶೇ. 70ಕ್ಕೂ ಹೆಚ್ಚು. ಸಾಮರ್ಥ್ಯವೇ ಬೇರೆ, ಉತ್ಪಾದನೆಯೇ ಬೇರೆ. ಸೌರಫಲಕ ರಾತ್ರಿ ದುಡಿಯುವುದಿಲ್ಲ. ಗಾಳಿಯಂತ್ರ ಋತುಮಾನಕ್ಕೆ ಅಧೀನ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ಬರಪೀಡಿತ ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ತಲೆಯೆತ್ತಿದೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದಿದ್ದು ಇದರ ವಿಶೇಷ. ಭೂಮಾಲೀಕರಿಗೆ ವರ್ಷಕ್ಕೆ ಎಕರೆಗೆ 21 ಸಾವಿರ ರೂಪಾಯಿ ಬಾಡಿಗೆ ನಿಗದಿಯಾಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಬಾಡಿಗೆಯೂ ಇಲ್ಲ, ಕೃಷಿ ಕೆಲಸವೂ ಇಲ್ಲ. ಇನ್ನು ಸಂಜೆ ಮನೆಮನೆಗಳಲ್ಲಿ ದೀಪ ಹೊತ್ತುವ ವೇಳೆಗೆ ಪಾರ್ಕ್ ಸ್ತಬ್ಧವಾಗಿರುತ್ತದೆ.

ಈ ಕೊರತೆಯನ್ನು ಜಲವಿದ್ಯುತ್ ತುಂಬಬೇಕು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ಬರಿದಾದವು, ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ರಾಜ್ಯ ತೀವ್ರ ವಿದ್ಯುತ್ ಅಭಾವ ಅನುಭವಿಸಿತು.

ಹೀಗಾಗಿಯೇ ಸಂಗ್ರಹಣೆಗೆ ಮಹತ್ವ. ವಿದ್ಯುತ್ ಹೆಚ್ಚಿರುವ ಹಗಲಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಸಂಜೆ ಅದನ್ನೇ ಇಳಿಸಿ ಟರ್ಬೈನ್ ತಿರುಗಿಸುವುದು ಒಂದು ವಿಧಾನ. ಎತ್ತಲು ವ್ಯಯಿಸಿದ ಶಕ್ತಿಯ ಸುಮಾರು ಮುಕ್ಕಾಲು ಭಾಗ ಮರಳಿ ದೊರೆಯುತ್ತದೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಉದ್ದೇಶಿಸಿದ 2,000 ಮೆಗಾವಾಟ್ ಶರಾವತಿ ಯೋಜನೆಯ ತತ್ವವೂ ಇದೇ. ಆದರೆ ಅದು ಸಿಂಗಳೀಕಗಳ ನೆಲೆಯಾದ ಅಭಯಾರಣ್ಯಕ್ಕೆ ಕೈಹಾಕುತ್ತದೆ ಎಂಬುದು ಪರಿಸರವಾದಿಗಳ ಆಕ್ಷೇಪ. ಅರಣ್ಯ ಬೇಡದ ಬ್ಯಾಟರಿ ಘಟಕಗಳು ಮತ್ತೊಂದು ಮಾರ್ಗ. ಅವು ಸಾಮಾನ್ಯವಾಗಿ ಕೆಲವೇ ಗಂಟೆಗಳಿಗೆ ಆಸರೆ.

ಬೇಡಿಕೆಯನ್ನೇ ಹಗಲಿಗೆ ತರುವುದು ಇನ್ನೊಂದು ಉಪಾಯ. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಡಿ ಪಂಪ್‌ಸೆಟ್‌ಗಳಿಗೆ ಸೌರ ವಿದ್ಯುತ್ ಒದಗಿಸಿದರೆ, ರೈತ ನಡುರಾತ್ರಿ ಹಾವು-ಚೇಳಿನ ಭಯದಲ್ಲಿ ನೀರು ಹಾಯಿಸುವ ಪಾಡು ತಪ್ಪುತ್ತದೆ, ರಾತ್ರಿಯ ಹೊರೆಯೂ ಇಳಿಯುತ್ತದೆ.

ಶುದ್ಧ ಇಂಧನವೂ ಪುಕ್ಕಟೆಯಲ್ಲ. ಅದರ ಬೆಲೆಯನ್ನು ಕೂಲಿಕಾರ್ಮಿಕ ಮತ್ತು ಕಾಡು ಮಾತ್ರ ತೆರಬೇಕೇ ಎಂಬುದನ್ನು ದೀಪದ ಬೆಳಕಿನಲ್ಲಿ ಕುಳಿತ ನಗರವಾಸಿಗಳೂ ಯೋಚಿಸಬೇಕಾಗಿದೆ.