ಅಗಸೆ ಎಣ್ಣೆಯಲ್ಲಿ ರೂಬೆನ್ಸ್

ರಾಯಚೂರು ಜಿಲ್ಲೆಯ ಚಂದ್ರಬಂಡ, ದೇವದುರ್ಗ, ಮಾನ್ವಿ ಕಡೆ ಜೋಳದ ರೊಟ್ಟಿಯ ಜೊತೆಗೆ ಅಗಸೆ ಕಾಳಿನ ಚಟ್ನಿಪುಡಿ, ಅಂದರೆ ಅಗಸಿ ಹಿಂಡಿ, ಇದ್ದೇ ಇರುತ್ತದೆ. ಯುರೋಪಿನ ತೈಲಚಿತ್ರಗಳ ಜೀವ ಇರುವುದೂ ಅದೇ ಕಾಳಿನಲ್ಲಿ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ಆಯಿಲ್ ಪೇಂಟ್. ಈ ಎಣ್ಣೆ ಆವಿಯಾಗಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಕುಸುಬೆ ಎಣ್ಣೆಯ ಗುಣವೂ ಇದೇ. ಹಳದಿ ತಿರುಗುವುದು ಕಡಿಮೆಯೆಂದು ಬಿಳಿ ಬಣ್ಣಕ್ಕೆ ಅದನ್ನು ಬಳಸುವುದುಂಟು. ಶೇಂಗಾ ಎಣ್ಣೆಯನ್ನು ಮಾತ್ರ ಎಷ್ಟು ದಿನ ಬಿಟ್ಟರೂ ಒಣಗದು.

ಇಂಥ ನಿಧಾನದ ಮಾಧ್ಯಮವನ್ನು ಕಲಿಯುವ ಹಳೆಯ ದಾರಿ, ಉಸ್ತಾದರ ಚಿತ್ರವನ್ನು ನಕಲು ಮಾಡುವುದು. ನಕಲು ಎಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಆದರೆ ಫ್ಲೆಮಿಶ್ ಕಲಾವಿದ ಪೀಟರ್ ಪಾಲ್ ರೂಬೆನ್ಸ್, ಹೆಸರು ಮಾಡಿ ಐವತ್ತು ದಾಟಿದ ಮೇಲೂ, 1628–29ರಲ್ಲಿ ಮ್ಯಾಡ್ರಿಡ್‌ನಲ್ಲಿ ಕುಳಿತು ತನಗಿಂತ ಹಿಂದಿನ ಉಸ್ತಾದ ಟಿಷಿಯನ್ನನ ಚಿತ್ರಗಳನ್ನು ನಕಲು ಮಾಡಿದ. ಪ್ಯಾರಿಸ್ಸಿನ ಲೂವ್ರ್ ಇವತ್ತಿಗೂ ನಕಲುಗಾರರಿಗೆ ಪರವಾನಗಿ ಕೊಡುತ್ತದೆ, ನಕಲು ಮೂಲದ ಅಳತೆಯಲ್ಲಿ ಇರಬಾರದೆಂಬ ಷರತ್ತಿನೊಂದಿಗೆ. ರಾಯಚೂರಿನಂತೆಯೇ ನಿಜಾಮರ ಸಂಸ್ಥಾನದಲ್ಲಿದ್ದ ಅಜಂತಾಕ್ಕೆ 1872ರಿಂದ ಮುಂಬೈಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳನ್ನು ಕರೆದೊಯ್ದ ಜಾನ್ ಗ್ರಿಫಿತ್ಸ್, ಗುಹೆಯ ಭಿತ್ತಿಚಿತ್ರಗಳನ್ನು ಎಣ್ಣೆಬಣ್ಣದಲ್ಲಿ ಕ್ಯಾನ್ವಾಸಿಗೆ ಇಳಿಸಿದರು. ಲಂಡನ್ನಿಗೆ ಹೋದ ಆ ನಕಲುಗಳಲ್ಲಿ ಹಲವು 1885ರ ಬೆಂಕಿಯಲ್ಲಿ ಸುಟ್ಟವು. ಮುಂದೆ ಅದೇ ಶಾಲೆಯಲ್ಲಿ ಕಲಿತ ಕಲಬುರಗಿಯ ಎಸ್.ಎಂ. ಪಂಡಿತ್ (1916–1993) ಪುರಾಣದ ದೇವತೆಗಳಿಗೆ ಎಣ್ಣೆಬಣ್ಣದ ಮೈಕಾಂತಿ ಕೊಟ್ಟು, ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಗೇರಿಸಿದರು.

ಕಲಿಯುವವರಿಗೆ ರೂಬೆನ್ಸನ ‘ಯುದ್ಧದ ಪರಿಣಾಮಗಳು’ ಒಳ್ಳೆಯ ಪಾಠ. ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆದಿದ್ದಾಗ, 1638ರ ಸುಮಾರಿಗೆ ಬರೆದದ್ದು. ಅಗಲ ಮೂರು ಮೀಟರಿಗೂ ಮಿಕ್ಕಿದ್ದು, ಈಗ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿದೆ. ಇದೊಂದು ರೂಪಕ ಚಿತ್ರ. ಯುದ್ಧದೇವತೆ ಮಾರ್ಸ್ ಪುಸ್ತಕಗಳನ್ನು ತುಳಿಯುತ್ತ ನುಗ್ಗುತ್ತಾನೆ, ಪ್ರೇಮದೇವತೆ ವೀನಸ್ ತೋಳು ಹಿಡಿದು ತಡೆಯುತ್ತಾಳೆ, ಪಂಜು ಹಿಡಿದ ರೋಷದೇವತೆ ಅಲೆಕ್ಟೊ ಮುಂದಕ್ಕೆ ಎಳೆಯುತ್ತಾಳೆ. ನೆಲಕ್ಕೆ ಬಿದ್ದವಳ ಕೈಯಲ್ಲಿ ಮುರಿದ ವಾದ್ಯ: ಅವಳು ಸಾಮರಸ್ಯ. ಕಪ್ಪು ಬಟ್ಟೆಯುಟ್ಟು ಕೈಯೆತ್ತಿ ಗೋಳಿಡುವವಳು ಯುರೋಪ್. ಇದು ವಿಮರ್ಶಕರ ಊಹೆಯಲ್ಲ. ಫ್ಲಾರೆನ್ಸಿನ ಆಸ್ಥಾನ ಕಲಾವಿದ ಸುಸ್ಟರ್ಮನ್ಸ್‌ಗೆ 1638ರ ಮಾರ್ಚ್ 12ರಂದು ಬರೆದ ಪತ್ರದಲ್ಲಿ ರೂಬೆನ್ಸನೇ ಒಂದೊಂದು ಆಕೃತಿಯನ್ನೂ ಬಿಡಿಸಿ ಹೇಳಿದ್ದಾನೆ.

ಹೊಸಬರು ಇಡೀ ಚಿತ್ರಕ್ಕೆ ಕೈಹಾಕುವುದು ಹುಂಬತನ. ವೀನಸ್ಸಿನ ತೋಳು, ಇಲ್ಲವೇ ಕಪ್ಪುಡುಗೆಯ ಯುರೋಪ್, ಅಷ್ಟು ಸಾಕು. ಒಳ್ಳೆಯ ಮುದ್ರಣದ ಮೇಲೆ ಚೌಕುಳಿ ಗೆರೆ ಎಳೆದು, ಕ್ಯಾನ್ವಾಸಿನ ಮೇಲೂ ಅದೇ ಲೆಕ್ಕದಲ್ಲಿ ಎಳೆದು ಆಕೃತಿಯನ್ನು ಕೂರಿಸಬೇಕು. ಬಿಳಿ ಕ್ಯಾನ್ವಾಸಿಗೆ ಮೊದಲು ತೆಳು ಕಂದು ಬಣ್ಣ ಬಳಿಯುವುದು ವಾಡಿಕೆ. ನೆರಳನ್ನು ತೆಳುವಾಗಿ ಹಚ್ಚಿದರೆ ಅಡಿಯ ಕಂದು ಇಣುಕುತ್ತದೆ. ಬೆಳಕು ಬೀಳುವ ಕಡೆ ಬಣ್ಣ ದಪ್ಪ. ರೂಬೆನ್ಸನ ಚಿತ್ರಗಳ ಮೈಬಣ್ಣದ ಮಿನುಗಿಗೆ ಇದೂ ಒಂದು ಕಾರಣ. ಆಮೇಲೆ ಪಾರದರ್ಶಕ ಬಣ್ಣದ ಲೇಪ. ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ ಹೆಚ್ಚು ಎಣ್ಣೆ ಇರಬೇಕು, ತಪ್ಪಿದರೆ ಮುಂದೊಂದು ದಿನ ಬಿರುಕು ಖಚಿತ. ಫೋಟೊ ನೋಡಿ ಎಷ್ಟೇ ಅಭ್ಯಾಸ ಮಾಡಿದರೂ ಈ ದಪ್ಪ–ತೆಳುವಿನ ಅಂದಾಜು ಪೂರ್ತಿ ಸಿಗದು. ಅದಕ್ಕೆ ರಾಯಚೂರಿನವರು ರೈಲು ಹತ್ತಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋಗಿ ಅಲ್ಲಿನ ಐರೋಪ್ಯ ತೈಲಚಿತ್ರಗಳನ್ನು ಓರೆಯಾಗಿ, ಬೆಳಕಿಗೆದುರಾಗಿ ನಿಂತು ನೋಡಬೇಕು.

ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಲ್ಲಿ ಬಣ್ಣ ಬೇಗ ಒಣಗುತ್ತದೆ, ಜೊತೆಗೆ ಧೂಳೂ ಅಂಟುತ್ತದೆ. ಹಾಗೆಂದು ಹಸಿ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ ಮುಚ್ಚಿಟ್ಟರೆ ಅಗಸೆ ಎಣ್ಣೆ ಹಳದಿಯಾಗುತ್ತದೆ. ಈ ಭಯ ರೂಬೆನ್ಸನಿಗೂ ಇತ್ತು. ಪೆಟ್ಟಿಗೆಯಲ್ಲಿ ಬಹುದಿನ ಇದ್ದದ್ದರಿಂದ ಬಿಳಿಯೂ ಮೈಬಣ್ಣವೂ ಹಳದಿ ತಿರುಗಿದ್ದರೆ ಚಿತ್ರವನ್ನು ಆಗಾಗ ಬಿಸಿಲಿಗಿಡು, ಬೇಕಾದರೆ ನೀನೇ ಕುಂಚ ಹಿಡಿದು ಸರಿಪಡಿಸು ಎಂದು ಅದೇ ಪತ್ರದ ಕೊನೆಯಲ್ಲಿ ಸುಸ್ಟರ್ಮನ್ಸ್‌ಗೆ ಅಪ್ಪಣೆ ಕೊಟ್ಟಿದ್ದ.